ದೇವದುರ್ಗದ ಅದಿರೂ ಹಟ್ಟಿಯ ಚಿನ್ನವೂ

ರಾಯಚೂರಿನ ಕೋಟೆಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕಿದ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನವು ಅದರ ಮೇಲಿದೆ. ಅಷ್ಟೇ ಆಗಿದ್ದರೆ ಅದು ನಮ್ಮ ನಾಡಿನ ಸಾವಿರಾರು ಶಾಸನಗಳಲ್ಲಿ ಒಂದಾಗಿ ಉಳಿಯುತ್ತಿತ್ತು. ಆದರೆ ಆ ಮಹಾಶಿಲೆಯನ್ನು ಕಲ್ಲುಗಣಿಯಿಂದ ಕೋಟೆಯವರೆಗೆ ಸಾಗಿಸಿ ತಂದ ಬಗೆಯನ್ನು ಕೂಡ ಶಿಲ್ಪಿಯು ಅಲ್ಲಿಯೇ ರೇಖೆಗಳಲ್ಲಿ ಕೊರೆದಿಟ್ಟಿದ್ದಾನೆ: ಬಂಡಿ, ಅದಕ್ಕೆ ಹೂಡಿದ ಕೋಣಗಳ ದೀರ್ಘವಾದ ಸಾಲು, ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಹಿಂದಿನಿಂದ ಒತ್ತುತ್ತಿರುವ ಆಳುಗಳು. ಒಂದು ವಸ್ತುವು ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಗಿ ಸೇರಿತು ಎಂಬುದನ್ನು ಚರಿತ್ರೆಯು ಹೇಗೋ ಬರೆದಿಡುತ್ತದೆ; ನಡುವಣ ದಾರಿಯನ್ನೂ, ಆ ದಾರಿಯಲ್ಲಿ ಬೆವರು ಸುರಿಸಿದವರನ್ನೂ ನೆನೆದ ದಾಖಲೆಗಳು ಅಪೂರ್ವ. ನಮ್ಮ ಜಿಲ್ಲೆಯ ನೆಲದಿಂದ ಮೇಲೇಳುವ ಅದಿರು ಯಾವ ಹಾದಿಯನ್ನು ಹಿಡಿದು ಹೋಗುತ್ತದೆ, ಹೋಗುವಾಗ ಹಾದಿಯ ಬದಿಯ ಊರುಗಳಿಗೆ ಏನನ್ನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆಯು ಅಂಥದೇ ಗಮನವನ್ನು ಬೇಡುತ್ತದೆ.

ಹಟ್ಟಿ ಚಿನ್ನದ ಗಣಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ತರುವಾಯ ಭಾರತದಲ್ಲಿ ನೆಲದಿಂದ ನೇರವಾಗಿ ಚಿನ್ನವನ್ನು ಗಣನೀಯ ಪ್ರಮಾಣದಲ್ಲಿ ತೆಗೆಯುವ ಸ್ಥಳವೆಂದರೆ ಲಿಂಗಸುಗೂರು ತಾಲ್ಲೂಕಿನ ಈ ಹಟ್ಟಿಯೇ ಆಗಿದೆ. ಆದರೆ ಹಟ್ಟಿಯ ಗಿರಣಿಗೆ ಬೀಳುವ ಕಲ್ಲೆಲ್ಲವೂ ಹಟ್ಟಿಯದಲ್ಲವೆಂಬುದು ಜಿಲ್ಲೆಯ ಹೊರಗಿನವರಿಗಿರಲಿ, ರಾಯಚೂರು ನಗರದಲ್ಲಿರುವ ಅನೇಕರಿಗೂ ತಿಳಿಯದು. ದೇವದುರ್ಗ ತಾಲ್ಲೂಕಿನಲ್ಲಿ ಊಟಿ ಎಂಬ ಹಳ್ಳಿಯಿದೆ. ಅಲ್ಲಿ ಭೂಮಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೆರೆದು ಅದಿರನ್ನು ಅಗೆದು, ಟಿಪ್ಪರುಗಳಿಗೆ ತುಂಬಿ, ಹಲವು ಹರದಾರಿ ದೂರದ ಹಟ್ಟಿಗೆ ಸಾಗಿಸುತ್ತಾರೆ. ಮಾನ್ವಿ ತಾಲ್ಲೂಕಿನದೆಂದೇ ಭೂವಿಜ್ಞಾನದ ವರದಿಗಳಲ್ಲಿ ಹೆಸರಾದ ಹೀರಾಬುದ್ದಿನ್ನಿಯಲ್ಲಿಯೂ ಚಿನ್ನದ ನಿಕ್ಷೇಪವಿದೆ. ಅದನ್ನು ಭೂಗರ್ಭದೊಳಗಿಳಿದು ಶೋಧಿಸಿದ್ದಾರೆ. ಈ ಎರಡೂ ತಾಲ್ಲೂಕುಗಳಿಗೆ ಗಣಿಯುಂಟು, ಗಿರಣಿಯಿಲ್ಲ, ಅದಿರುಂಟು, ಚಿನ್ನವಿಲ್ಲ. ಒಬ್ಬರ ಹೊಲದಲ್ಲಿ ಮೇದ ಹಸುವನ್ನು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಕರೆದಂತೆ ಇದು ನಡೆದುಬಂದಿದೆ.

ಗಿರಣಿಯನ್ನು ಒಂದೆಡೆಯಲ್ಲಿಟ್ಟು ಸುತ್ತಣ ಸಣ್ಣ ನಿಕ್ಷೇಪಗಳ ಅದಿರನ್ನು ಅಲ್ಲಿಗೆ ತರುವುದು ತಪ್ಪೆಂದು ನಾನು ಹೇಳುವುದಿಲ್ಲ. ಊಟಿಯಂಥ ನಿಕ್ಷೇಪಕ್ಕೆ ಪ್ರತ್ಯೇಕವಾದ ಗಿರಣಿಯನ್ನು ಕಟ್ಟಹೋದರೆ ಅದರ ವೆಚ್ಚವೇ ಚಿನ್ನವನ್ನು ನುಂಗಿಬಿಡುತ್ತದೆ. ಗಿರಣಿಯ ಸಯನೈಡು ಬೆರೆತ ಕೆಸರು ನಿಲ್ಲುವ ಕೆರೆಯೊಂದು ಸಾಲದೆಂದು ಇನ್ನೊಂದನ್ನು ಊರ ಬಳಿ ಕಟ್ಟಿಸಿಕೊಳ್ಳಲು ಯಾವ ವಿವೇಕಿಯೂ ಒಪ್ಪಲಾರನು. ನಾನು ಹೇಳಬೇಕೆಂದಿರುವುದು ಬೇರೆ. ಗಣಿಯ ಫಲವು ಭಾರವಾಗಿದ್ದರೆ ಅದನ್ನು ಸಾಗಿಸುವ ಅನಿವಾರ್ಯತೆಯಿಂದಲೇ ರಸ್ತೆ, ರೈಲು, ಬಂದರುಗಳು ಹುಟ್ಟಿಕೊಳ್ಳುತ್ತವೆ. ಫಲವು ಹಗುರವಾಗಿದ್ದರೆ ಅಂಥ ಅನಿವಾರ್ಯತೆ ಇರುವುದಿಲ್ಲ, ಆದುದರಿಂದ ಗಣಿಯ ನೆಲದವರು ಕೇಳಿ ಪಡೆದುಕೊಳ್ಳದ ಹೊರತು ಅವರಿಗೆ ಯಾವುದೂ ತಾನಾಗಿ ಬರುವುದಿಲ್ಲ.

ಬೆಳ್ಳಿ ಮತ್ತು ಸೀಸದ ಗಣಿಗಳ ಚರಿತ್ರೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪ್ರಕೃತಿಯಲ್ಲಿ ಬೆಳ್ಳಿಯು ಬಹುಮಟ್ಟಿಗೆ ಸೀಸದ ಅದಿರಿನೊಡನೆ ಬೆರೆತೇ ಇರುತ್ತದೆ. ಗಣಿಯ ಬಳಿಯಲ್ಲಿ ಆ ಅದಿರನ್ನು ಅರೆದು, ನೀರಿನಲ್ಲಿ ಕಲಕಿ, ಎಣ್ಣೆಯಂಥ ದ್ರವ್ಯಗಳನ್ನು ಸೇರಿಸಿ, ನೊರೆಗೆ ಅಂಟಿಕೊಂಡು ಮೇಲೆ ತೇಲುವ ಸೀಸದ ಕಣಗಳನ್ನು ಬಳಿದು ತೆಗೆಯುತ್ತಾರೆ. ಒಣಗಿಸಿದ ಈ ಸಾಂದ್ರ ಪುಡಿಯು ಕಪ್ಪಾದ, ಹೊಳಪುಳ್ಳ, ಅತಿ ಭಾರವಾದ ವಸ್ತು. ಬೆಳ್ಳಿಯು ಅದರೊಳಗೆ ಅಡಗಿಕೊಂಡೇ ಪ್ರಯಾಣ ಮಾಡುತ್ತದೆ. ದೂರದ ಕುಲುಮೆಯಲ್ಲಿ ಸೀಸವನ್ನು ಕರಗಿಸಿ, ಅದಕ್ಕೆ ಸತುವನ್ನು ಬೆರೆಸಿದಾಗ ಬೆಳ್ಳಿಯು ಸತುವಿನೊಡನೆ ಕೂಡಿ ಮೇಲಕ್ಕೆ ಬರುತ್ತದೆ. ಹೀಗಾಗಿ ಗಣಿಯಿಂದ ಕುಲುಮೆಗೆ ಹೋಗಬೇಕಾದುದು ಸಾವಿರಾರು ಟನ್ನುಗಳ ಸರಕು. ಆಸ್ಟ್ರೇಲಿಯಾದ ಮರುಭೂಮಿಯಂಚಿನ ಬ್ರೋಕನ್ ಹಿಲ್‌ನಲ್ಲಿ 1883ರಲ್ಲಿ ಇಂಥ ಅದಿರು ಸಿಕ್ಕಿತು. ಐದು ವರ್ಷಗಳೊಳಗಾಗಿ, ತನ್ನ ಎಲ್ಲೆಯನ್ನು ದಾಟಿ ನೆರೆಯ ವಸಾಹತಿಗೆ ಹೋಗುವ ಹಳಿಯನ್ನು ಹಾಕಲು ಅಲ್ಲಿನ ಸರಕಾರವು ಮನಸ್ಸು ಮಾಡದಿದ್ದರೂ, ಖಾಸಗಿ ಕಂಪನಿಯೊಂದು ತಾನೇ ರೈಲುಹಾದಿಯನ್ನು ಹಾಕಿ ಅದಿರನ್ನು ಪೋರ್ಟ್ ಪಿರಿಯ ಕಡಲತೀರಕ್ಕೆ ಮುಟ್ಟಿಸುವ ಮಾರ್ಗವನ್ನು ತೆರೆಯಿತು. ರಾಜಸ್ಥಾನದ ಅರಾವಳಿಯಲ್ಲಿಯೂ ಸೀಸ, ಸತು, ಬೆಳ್ಳಿಗಳ ಗಣಿಗಳ ಬೆನ್ನಿಗೆ ಚಂದೇರಿಯಾದಂಥ ದೊಡ್ಡ ಕುಲುಮೆಗಳು ಎದ್ದವು. ಭಾರವು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ನಮ್ಮ ಶಕ್ತಿನಗರವನ್ನೇ ನೋಡಿರಿ: 1985ರಲ್ಲಿ ಮೊದಲ ಘಟಕವು ಕೆಲಸವನ್ನಾರಂಭಿಸಿದ ಆ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲನ್ನು ತಲೆಯ ಮೇಲೆ ಹೊತ್ತು ತರುವಂತಿಲ್ಲ, ಆದುದರಿಂದ ರೈಲಿನ ಹಳಿಯು ಸ್ಥಾವರದ ಬಾಗಿಲಿಗೇ ಹೋಗಿದೆ.

ಚಿನ್ನದ ಸಂಗತಿಯು ಇದಕ್ಕೆ ವಿರುದ್ಧ. ಹಟ್ಟಿಯ ಅದಿರಿನಲ್ಲಿ ಒಂದು ಟನ್ನಿಗೆ ಸರಾಸರಿ ಮೂರು ಗ್ರಾಮಿನ ಆಸುಪಾಸಿನಲ್ಲಿ ಚಿನ್ನ ಇರುತ್ತದೆಂದು ಲೆಕ್ಕ ಹಿಡಿಯಬಹುದು. ಹತ್ತು ಟನ್ ಅದಿರನ್ನು ಹೊತ್ತು, ಏರಿನಲ್ಲಿ ಏದುಸಿರು ಬಿಡುತ್ತ, ಗೇರು ಬದಲಿಸುವಾಗ ಇಡೀ ಮೈಯನ್ನು ಜಾಡಿಸುತ್ತ ಹೋಗುವ ಟಿಪ್ಪರಿನಲ್ಲಿರುವ ಚಿನ್ನವನ್ನೆಲ್ಲ ಒಟ್ಟುಗೂಡಿಸಿದರೆ ಅದು ಮೂವತ್ತು ಗ್ರಾಮು. ಗಾತ್ರದಲ್ಲಿ ಒಂದೂವರೆ ಘನ ಸೆಂಟಿಮೀಟರು, ಎಂದರೆ ಒಂದು ಕಡಲೆಕಾಳಿಗಿಂತ ದೊಡ್ಡದಾದ ಉಂಡೆ. ಹೊರಗಿನಿಂದ ನೋಡಿದರೆ ಬೂದುಗಪ್ಪು ಬಣ್ಣದ ಕಲ್ಲು, ಅದರಲ್ಲಿ ಬೆಣಚಿನ ಬಿಳಿಯ ಗೆರೆಗಳು. ಮಿನುಗುವ ಹಳದಿಯ ಚುಕ್ಕೆಗಳೇನಾದರೂ ಕಂಡರೆ ಅವು ಬಹುಮಟ್ಟಿಗೆ ಗಂಧಕ ಕೂಡಿದ ಖನಿಜಗಳೇ ಹೊರತು ಚಿನ್ನವಲ್ಲ. ತೂಕದ ಕಾಟಾದ ಮೇಲೆ ನಿಂತು ಚೀಟಿ ಬರೆಯಿಸಿಕೊಂಡ ಆ ಕಲ್ಲು ದವಡೆಯಂಥ ಯಂತ್ರದಲ್ಲಿ ಪುಡಿಯಾಗಿ, ಉಕ್ಕಿನ ಗುಂಡುಗಳು ಹೊರಳಾಡುವ ಗಿರಣಿಯಲ್ಲಿ ನುಣ್ಣನೆಯ ಕೆಸರಾಗಿ, ಸುಣ್ಣವನ್ನು ಬೆರೆಸಿದ ಸಯನೈಡಿನ ನೀರಿನಲ್ಲಿ ಗಾಳಿಯೂಡಿಸಿಕೊಳ್ಳುತ್ತ ಗಂಟೆಗಟ್ಟಲೆ ತಿರುಗುತ್ತದೆ. ಕರಗಿದ ಚಿನ್ನವನ್ನು ಇದ್ದಿಲಿನ ಕಾಳುಗಳು ಹೀರಿಕೊಳ್ಳುತ್ತವೆ. ಇದ್ದಿಲಿನಿಂದ ಅದನ್ನು ಬಿಡಿಸಿ, ವಿದ್ಯುತ್ತಿನಿಂದ ಉಕ್ಕಿನ ಎಳೆಗಳ ಮೇಲೆ ಕೂರಿಸಿ, ಕೊನೆಗೆ ಬಿಳಿಗಾರವನ್ನು ಸೇರಿಸಿ ಮೂಸೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಗಾಜಿನಂಥ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ಬಿಡಿಸಿದ ಮೇಲೆ ಉಳಿಯುವ ಗಟ್ಟಿಯಲ್ಲಿ ಚಿನ್ನದೊಡನೆ ಕೊಂಚ ಬೆಳ್ಳಿಯೂ ಇರುತ್ತದೆ.

ಸೀಸಕ್ಕೂ ಚಿನ್ನದ ಗಣಿಗೂ ಇರುವ ನಂಟೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಅದು ಸುಂದರವಾದ ವಿದ್ಯೆ. ಅದಿರಿನಲ್ಲಿ ಎಷ್ಟು ಚಿನ್ನವಿದೆಯೆಂದು ಅರಿಯಲು ಪರೀಕ್ಷಾಲಯದಲ್ಲಿ ಅದಿರಿನ ಪುಡಿಗೆ ಸೀಸದ ಆಕ್ಸೈಡನ್ನು ಬೆರೆಸಿ ಕುಲುಮೆಯಲ್ಲಿಡುತ್ತಾರೆ. ಕರಗಿದ ಸೀಸವು ಹನಿಹನಿಯಾಗಿ ಕೆಳಗಿಳಿಯುವಾಗ ಚಿನ್ನ ಬೆಳ್ಳಿಗಳ ಕಣಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಂಡು ತಳದಲ್ಲಿ ಗುಂಡಿಯಾಗಿ ನಿಲ್ಲುತ್ತದೆ. ಆ ಗುಂಡಿಯನ್ನು ಮೂಳೆಬೂದಿಯಂಥ ದ್ರವ್ಯದಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಬಟ್ಟಲು ಸೀಸವನ್ನು ಹೀರಿಕೊಳ್ಳುತ್ತದೆ, ಉಳಿಯುವುದು ಸಾಸಿವೆಗಿಂತಲೂ ಚಿಕ್ಕದಾದ ಹೊಳೆಯುವ ಮಣಿ. ಅದರಿಂದ ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಕಳೆದು, ಉಳಿದುದನ್ನು ತೂಗಿ, ಇಂತಿಷ್ಟು ಗ್ರಾಮೆಂದು ಬರೆಯುತ್ತಾರೆ. ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ಅದಿರಿನ ವಿಷಯದಲ್ಲಿ ಇಡಬಲ್ಲವರು, ಅದಿರು ಹೊರಟ ಊರಿಗೆ ಹಿಂತಿರುಗಿದುದರ ಲೆಕ್ಕವನ್ನೂ ಇಡಬಲ್ಲರು.

ಹಟ್ಟಿಯ ವರ್ಷದ ಉತ್ಪನ್ನವು ಸಾಮಾನ್ಯವಾಗಿ ಒಂದರಿಂದ ಎರಡು ಟನ್ನುಗಳ ನಡುವೆ ಇರುತ್ತದೆ. ಒಂದು ಟನ್ ಚಿನ್ನವನ್ನು ಒಂದೇ ಗಟ್ಟಿಯಾಗಿ ಎರಕ ಹೊಯ್ದರೆ ಅದರ ಒಂದೊಂದು ಪಕ್ಕವೂ ಒಂದು ಮೊಳಕ್ಕಿಂತ ಕಡಿಮೆ. ವರ್ಷವಿಡೀ ದುಡಿದ ಸಾವಿರಾರು ಜನರ ಫಲವು, 2,800 ಅಡಿಗೂ ಕೆಳಗಿನಿಂದ ಮಲ್ಲಪ್ಪ ಶಾಫ್ಟಿನ ಮೂಲಕ ಮೇಲೆ ಬಂದುದು, ಊಟಿಯಿಂದ ರಸ್ತೆಯ ಮೇಲೆ ಬಂದುದು, ಎಲ್ಲವೂ ಕೂಡಿ ಕಾವಲಿನವರೊಡನೆ ಹೋಗುವ ಒಂದು ಗಾಡಿಯ ಮೂಲೆಯಲ್ಲಿ ಹಿಡಿಯುತ್ತದೆ. ಇಂಥ ಸರಕಿಗೆ ರೈಲು ಏತಕ್ಕೆ ಬೇಕು? ಒಳ್ಳೆಯ ರಸ್ತೆಯಾದರೂ ಏತಕ್ಕೆ ಬೇಕು? ಬೊಂಬಾಯಿ ಮದರಾಸುಗಳ ನಡುವಣ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಬಂದು ಕೂಡಿಕೊಂಡವು. ಅಲ್ಲಿಂದೀಚೆಗೆ ಒಂದೂವರೆ ಶತಮಾನ ಕಳೆದರೂ ದೇವದುರ್ಗವು ರೈಲನ್ನು ಕಂಡಿಲ್ಲ. ಗದಗ ವಾಡಿ ಮಾರ್ಗವು ಲಿಂಗಸುಗೂರಿನ ಕಡೆಯಿಂದ ಹಾಯುವುದೆಂದೂ, ಮುನಿರಾಬಾದಿನಿಂದ ಮೆಹಬೂಬನಗರಕ್ಕೆ ಹೋಗುವ ಮಾರ್ಗವು ಸಿಂಧನೂರು ಮಾನ್ವಿಗಳ ಮೂಲಕ ರಾಯಚೂರಿಗೆ ಬರುವುದೆಂದೂ ನಿಶ್ಚಯವಾಗಿ ವರ್ಷಗಳಾದುವು. ಸಿಂಧನೂರಿನವರೆಗೆ ಗಾಡಿ ಬಂದುದು 2024ರಲ್ಲಿ. ಇವುಗಳಲ್ಲಿ ಒಂದಾದರೂ ಚಿನ್ನದ ನಿಮಿತ್ತವಾಗಿ ಹುಟ್ಟಿದುದಲ್ಲ.

ಕೋಲಾರದ ಉದಾಹರಣೆಯನ್ನು ನನಗೆ ಎದುರಾಗಿ ಒಡ್ಡಬಹುದು. ಅಲ್ಲಿಯೂ ಚಿನ್ನವೇ ಇದ್ದಿತು. ಆದರೂ ಇಂದಿನ ಬಂಗಾರಪೇಟೆಯಿಂದ ಗಣಿಗಳಿಗೆ 1894ರಲ್ಲಿಯೇ ರೈಲು ಬಂದಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ನಿಜ. ಆದರೆ ಅಲ್ಲಿ ರೈಲನ್ನು ಎಳೆತಂದುದು ಹೊರಗೆ ಹೋಗುವ ಚಿನ್ನವಲ್ಲ, ಒಳಗೆ ಬರಬೇಕಾದ ಯಂತ್ರ, ಮರ, ಕಲ್ಲಿದ್ದಲುಗಳು; ಮೇಲಾಗಿ ಮೈಸೂರು ಸಂಸ್ಥಾನದ ಆಡಳಿತಗಾರರು ಗಣಿಯ ನೆಪದಲ್ಲಿ ನಾಡಿಗೊಂದು ಸೌಕರ್ಯವನ್ನು ಸಂಪಾದಿಸಿಕೊಳ್ಳಬೇಕೆಂಬ ದೂರದೃಷ್ಟಿಯುಳ್ಳವರಾಗಿದ್ದರು. ನಿಜಾಮನ ಸೀಮೆಯ ಕೊನೆಯಂಚಿನಲ್ಲಿದ್ದ ನಮ್ಮ ಭಾಗಕ್ಕೆ ಆ ಭಾಗ್ಯ ಒದಗಲಿಲ್ಲ. ಕಳೆದ ಶತಮಾನದ ಆದಿಯಲ್ಲಿ ಇಂಗ್ಲಿಷರ ಕಂಪನಿ ಹಟ್ಟಿಯಲ್ಲಿ ಕೆಲವು ವರ್ಷ ಅಗೆದು, ಮೊದಲ ಮಹಾಯುದ್ಧದ ಹೊತ್ತಿಗೆ ಕೈಬಿಟ್ಟು ಹೋಯಿತು. ಅವರು ಬಿಟ್ಟುಹೋದ ಉಪಕಾರವೆಂದರೆ ಒಂದೇ: ಆ ಗಣಿಗಳ ಇಂಜಿನಿಯರನಾದ ಬೀಡನ್ ಎಂಬಾತನು 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಸ್ಪಷ್ಟವಾಗಿ ಹೇಳುವ ಶಾಸನವನ್ನು ಕಂಡನು. ಆ ಶಾಸನದ ಸುತ್ತಣ ನೆಲವೂ ಚಿನ್ನದ ನೆಲವೇ. ಹಟ್ಟಿಯಲ್ಲಿ ನಮ್ಮ ಪ್ರಾಚೀನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ನೀರೆರಚಿ ಬಿರಿಯಿಸುತ್ತ ಆರುನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಇಂದಿನ ಕಂಪನಿಯು 1947ರಲ್ಲಿ ಹುಟ್ಟಿ, ರಾಜ್ಯಗಳ ಪುನರ್ವಿಂಗಡಣೆಯಾದ ಬಳಿಕ ಕರ್ನಾಟಕ ಸರಕಾರದ ಸ್ವತ್ತಾಯಿತು. ಎರಡು ಸಾವಿರ ವರ್ಷಗಳಿಂದ ಚಿನ್ನವನ್ನು ಕೊಡುತ್ತ ಬಂದ ನೆಲವು 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಪ್ರಾದೇಶಿಕ ಅಸಮಾನತೆಯನ್ನು ಅಳೆದಾಗ ಯಾವ ಸ್ಥಾನದಲ್ಲಿತ್ತು? ದೇವದುರ್ಗ, ಮಾನ್ವಿ, ಲಿಂಗಸುಗೂರು ಮೂರೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದುವು. ಇಂದಿಗೂ ಸುಗ್ಗಿ ಮುಗಿದರೆ ದೇವದುರ್ಗದ ಹಳ್ಳಿಗಳಿಂದ ಸಂಸಾರಗಳೇ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಮನೆಯಲ್ಲಿ ಉಳಿಯುವವರು ಮುದುಕರು, ಅವರ ಮಡಿಲಲ್ಲಿ ಶಾಲೆ ತಪ್ಪಿದ ಮಕ್ಕಳು.

ಗಣಿಯು ಬಿಟ್ಟುಹೋಗುವುದನ್ನು ಹೇಳುವಾಗ ನೀರಿನ ಮಾತನ್ನೂ ಹೇಳಲೇಬೇಕು. ಈ ಸೀಮೆಯ ಚಿನ್ನವು ಗಂಧಕ ಮತ್ತು ಪಾಷಾಣಗಳೊಡನೆ ಕೂಡಿದ ಕಬ್ಬಿಣದ ಖನಿಜಗಳ ನೆರೆಯಲ್ಲಿರುತ್ತದೆ; ಪಾಷಾಣವೆಂದರೆ ಆರ್ಸೆನಿಕ್. ಬಂಡೆಯೊಳಗೆ ಮಲಗಿರುವವರೆಗೆ ಅದು ನಿರಪಾಯ. ಅಗೆದು, ಪುಡಿಮಾಡಿ, ಗಾಳಿಮಳೆಗಳಿಗೆ ಒಡ್ಡಿದಾಗ ನೀರಿಗಿಳಿಯುವ ಶಕ್ತಿಯನ್ನು ಪಡೆಯುತ್ತದೆ. ಕೃಷ್ಣೆಯ ಆಚೆಗೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಮಂಗಳೂರು ಚಿನ್ನದ ಗಣಿಯ ಸಮೀಪದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಕಂಡುಬಂದು, ಅದನ್ನೇ ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲುಗಳಲ್ಲಿ ಗಂಟುಗಳೆದ್ದ, ಕೆಲವರಿಗೆ ಕ್ಯಾನ್ಸರು ಬಂದ ವಿಷಯವನ್ನು ವೈಜ್ಞಾನಿಕ ಪತ್ರಿಕೆಗಳು ದಾಖಲಿಸಿವೆ. ಅದು ಮುಚ್ಚಿದ ಗಣಿಯ ನೆರೆಯ ಕಥೆ. ಆದುದರಿಂದ ನಡೆಯುತ್ತಿರುವ ಗಣಿಗಳ ಸುತ್ತಣ ಪ್ರತಿಯೊಂದು ಊರಿನ, ತಾಂಡಾದ, ದೊಡ್ಡಿಯ ಕೊಳವೆಬಾವಿಯನ್ನೂ ಕ್ರಮವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಆ ಬಾವಿಯ ಬಳಿಯಲ್ಲಿಯೇ ಕನ್ನಡದಲ್ಲಿ ಬರೆದು ಹಾಕಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೆನ್ನಿಸದು. ಸಾಸಿವೆ ಗಾತ್ರದ ಮಣಿಯನ್ನು ತೂಗುವ ತಕ್ಕಡಿಯುಳ್ಳ ಜಿಲ್ಲೆಯಲ್ಲಿ ಒಂದು ಬಿಂದಿಗೆ ನೀರಿನ ಪರೀಕ್ಷೆ ದುಸ್ತರವಾಗಬಾರದು.

ಹಣ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಉತ್ತರವು ಕಾನೂನಿನಲ್ಲಿಯೇ ಇದೆ. ಚಿನ್ನದ ಅದಿರಿಗೆ ಗಣಿಯವರು ಸರಕಾರಕ್ಕೆ ಕೊಡಬೇಕಾದ ರಾಯಧನವು, ಅದಿರಿನಲ್ಲಿರುವ ಲೋಹದ ಬೆಲೆಯ ಶೇಕಡ 4. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದುವು. ಆ ವರ್ಷದ ಜನವರಿ 12ಕ್ಕೆ ಮುಂಚೆ ಗುತ್ತಿಗೆ ಪಡೆದ ಗಣಿಗಳು ರಾಯಧನದ ಶೇಕಡ 30ರಷ್ಟನ್ನು ಪ್ರತ್ಯೇಕವಾಗಿ ಈ ಪ್ರತಿಷ್ಠಾನಕ್ಕೆ ಕೊಡಬೇಕು. ಎಂದರೆ ನೂರು ರೂಪಾಯಿ ಬೆಲೆಯ ಚಿನ್ನ ನೆಲದಿಂದೆದ್ದರೆ ನಾಲ್ಕು ರೂಪಾಯಿ ಬೊಕ್ಕಸಕ್ಕೆ, ಒಂದು ರೂಪಾಯಿ ಇಪ್ಪತ್ತು ಪೈಸೆ ಜಿಲ್ಲೆಯ ನಿಧಿಗೆ. ಚಿನ್ನದ ಬೆಲೆ ಗಗನಕ್ಕೇರಿರುವ ಈ ದಿನಗಳಲ್ಲಿ ಆ ಪೈಸೆಗಳೂ ಕೋಟಿಗಳಾಗುತ್ತವೆ. ಪರಿಷ್ಕೃತವಾದ ನಿಯಮಾವಳಿಯು ಗಣಿಯಿಂದ 15 ಕಿಲೋಮೀಟರು ತ್ರಿಜ್ಯದೊಳಗಿನ ಊರುಗಳನ್ನು ನೇರವಾಗಿ ಬಾಧಿತವಾದವೆಂದು ಗಣಿಸುತ್ತದೆ. ಕನಿಷ್ಠ ಶೇಕಡ 70ರಷ್ಟು ಹಣವನ್ನು ಕುಡಿಯುವ ನೀರು, ಆರೋಗ್ಯ, ವಿದ್ಯಾಭ್ಯಾಸ, ಪರಿಸರ ಮುಂತಾದ ಆದ್ಯತೆಯ ಕೆಲಸಗಳಿಗೆ ವಿನಿಯೋಗಿಸಬೇಕೆಂದು ವಿಧಿಸುತ್ತದೆ. ರಸ್ತೆಯ ಕೆಲಸವು ಉಳಿದ ಅಲ್ಪ ಭಾಗಕ್ಕೆ ಸೇರಿದುದು. ಇದು ಸರಿಯಾದ ವಿಂಗಡಣೆಯೇ. ಅದಿರಿನ ಟಿಪ್ಪರುಗಳು ಸವೆಸುವ ರಸ್ತೆಯನ್ನು ಅದಿರಿನ ಲಾಭದಿಂದಲೇ, ಗಣಿಯ ಸ್ವಂತ ಖರ್ಚಿನಿಂದಲೇ ಕಾಪಾಡಬೇಕು. ಊರಿನ ಮಕ್ಕಳ ನೀರಿಗೆಂದು ಮೀಸಲಾದ ಹಣದಿಂದ ಡಾಂಬರು ಹಾಕಿಸುವುದು ನ್ಯಾಯವಲ್ಲ.

ಗಣಿಯು ಸಹಸ್ರಾರು ಸಂಸಾರಗಳಿಗೆ ಅನ್ನ ಕೊಟ್ಟಿದೆ, ಕಾಲೊನಿ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿದೆ, ಇನ್ನೇನು ಬೇಕು ಎನ್ನುವವರಿದ್ದಾರೆ. ಆ ಉಪಕಾರವನ್ನು ಮರೆಯತಕ್ಕದ್ದಲ್ಲ. ಪಾಳಿ ಮುಗಿಸಿ ಕೇಜಿನಿಂದ ಹೊರಬರುವ ಕಾರ್ಮಿಕನ ಶ್ರಮಕ್ಕೆ ಸಲ್ಲುವ ಸಂಬಳವು ಈ ಬರಡು ಸೀಮೆಯಲ್ಲಿ ಎಷ್ಟು ಜನರ ಬಾಳನ್ನು ನಿಲ್ಲಿಸಿದೆಯೆಂಬುದು ಲಿಂಗಸುಗೂರಿನ ಪೇಟೆಯನ್ನು ನೋಡಿದವರಿಗೆ ಗೊತ್ತು. ಆದರೆ ಆ ಕಾಲೊನಿಯೂ ಆಸ್ಪತ್ರೆಯೂ ಇರುವುದು ಗಿರಣಿಯಿರುವ ಹಟ್ಟಿಯಲ್ಲಿ. ಅದಿರು ಹುಟ್ಟುವ ಊಟಿಯಲ್ಲಿ ಅಗೆತ ಮುಗಿದ ಮೇಲೆ ಉಳಿಯುವುದು ಗುಂಡಿ, ಅದರ ದಡದಲ್ಲಿ ಕಲ್ಲಿನ ದಿಬ್ಬ. ತೆರೆದ ಗಣಿಗೆ ಆಯುಷ್ಯ ಸ್ವಲ್ಪ. ಆ ಗುಂಡಿಯನ್ನು ಮುಂದೆ ಏನು ಮಾಡುವುದು, ದಿಬ್ಬದಿಂದ ಇಳಿಯುವ ಮಳೆನೀರು ಯಾರ ಹೊಲಕ್ಕೆ ಹೋಗುತ್ತದೆ, ಅಲ್ಲಿ ಕೆಲಸಕ್ಕಿದ್ದ ಹುಡುಗರು ಎಲ್ಲಿಗೆ ಹೋಗಬೇಕು ಎಂಬುದನ್ನು ಗಣಿ ನಡೆಯುತ್ತಿರುವಾಗಲೇ ನಿಶ್ಚಯಿಸಿಕೊಳ್ಳಬೇಕಲ್ಲದೆ, ಕಂಪನಿ ಬೀಗ ಹಾಕಿದ ಮೇಲೆ ಬಾಗಿಲು ತಟ್ಟಿ ಪ್ರಯೋಜನವಿಲ್ಲವೆಂಬುದನ್ನು ಕೋಲಾರದ ಚಾಂಪಿಯನ್ ರೀಫಿನ ಜನರು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅನುಭವಿಸುತ್ತಿದ್ದಾರೆ.

ದೇವದುರ್ಗ ಮತ್ತು ಮಾನ್ವಿಯ ಗ್ರಾಮ ಪಂಚಾಯಿತಿಗಳ ಸದಸ್ಯರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಖನಿಜ ಪ್ರತಿಷ್ಠಾನದ ವಿಷಯವನ್ನು ಸೇರಿಸಿರಿ. ನಿಮ್ಮ ಊರು ಬಾಧಿತ ಊರುಗಳ ಪಟ್ಟಿಯಲ್ಲಿದೆಯೇ, ಇದ್ದರೆ ಈ ತನಕ ಎಷ್ಟು ಹಣ ಯಾವ ಕೆಲಸಕ್ಕೆ ಬಂದಿದೆ, ಕೊಳವೆಬಾವಿಯ ನೀರನ್ನು ಕಡೆಯ ಸಲ ಪರೀಕ್ಷಿಸಿದುದು ಯಾವಾಗ ಎಂದು ಬರವಣಿಗೆಯಲ್ಲಿ ಕೇಳಿರಿ. ಉತ್ತರವನ್ನು ಸಭೆಯಲ್ಲಿ ಓದಿಸಿ ನಡವಳಿಯಲ್ಲಿ ಬರೆಯಿಸಿರಿ. ಲೆಕ್ಕಗಳನ್ನು ಬಹಿರಂಗಪಡಿಸಬೇಕೆಂಬ ನಿಯಮವು ಈಗಾಗಲೇ ಇದೆ; ಕೇಳುವ ಹಕ್ಕು ನಿಮ್ಮದು. ಗುಳೆ ಹೋದವರು ಯುಗಾದಿಗೆ ಊರಿಗೆ ಬರುತ್ತಾರೆ. ಆ ಸಭೆಯನ್ನು ಅವರಿರುವಾಗಲೇ ಕರೆಯಿರಿ.